ಸೂರ್ಯನ ಹಾಡಿಗೊಂದು ಒಪ್ಪೋಲೆ

1959ರಲ್ಲಿ ಅಮೆರಿಕದಲ್ಲಿ ‘ಸ್ಪೇಸ್ ಸಾಂಗ್ಸ್’ ಎಂಬ ಮಕ್ಕಳ ಹಾಡುಗಳ ಎಲ್.ಪಿ. ರೆಕಾರ್ಡ್ ಬಂತು. ರಷ್ಯದ ಸ್ಪುಟ್ನಿಕ್ ಹಾರಿ ಎರಡು ವರ್ಷವಾಗಿತ್ತು. ಮಕ್ಕಳಿಗೆ ಬೇಗ ಬೇಗ ವಿಜ್ಞಾನ ಕಲಿಸುವ ಆತುರ ಆ ದೇಶಕ್ಕಿತ್ತು. ಸಾಹಿತ್ಯ ಹೈ ಜ಼ರೆಟ್ ಅವರದು, ‘ಅನ್‌ಚೈನ್ಡ್ ಮೆಲಡಿ’ ಎಂಬ ಜಗತ್ಪ್ರಸಿದ್ಧ ಪ್ರೇಮಗೀತೆ ಬರೆದವರೇ. ಸಂಗೀತ ಲೂ ಸಿಂಗರ್ ಅವರದು. ಅದರಲ್ಲಿ ಟಾಮ್ ಗ್ಲೇಜರ್ ಹಾಡಿದ ‘ವೈ ಡಸ್ ದ ಸನ್ ಶೈನ್?’ ಎಂಬ ಹಾಡು ಸೂರ್ಯನನ್ನು ಉರಿಯುವ ಅನಿಲರಾಶಿ ಎನ್ನುತ್ತದೆ. ಅಲ್ಲಿನ ಶಾಖಕ್ಕೆ ಕಬ್ಬಿಣ, ತಾಮ್ರಗಳೂ ಅನಿಲವಾಗಿವೆ ಎಂದು ವಿವರಿಸುತ್ತದೆ.

‘ದೇ ಮೈಟ್ ಬಿ ಜೈಂಟ್ಸ್’ ಎಂಬ ರಾಕ್ ತಂಡ 1993ರಲ್ಲಿ ಈ ಹಾಡನ್ನು ಮತ್ತೆ ಹಾಡಿ ಹೊಸ ತಲೆಮಾರಿಗೆ ದಾಟಿಸಿತು. 2009ರ ‘ಹಿಯರ್ ಕಮ್ಸ್ ಸೈನ್ಸ್’ ಆಲ್ಬಮ್ಮಿನಲ್ಲಿ ಅದರ ಜೊತೆಗೇ ಇನ್ನೊಂದು ಹಾಡನ್ನೂ ಸೇರಿಸಿತು: ಸೂರ್ಯ ಅನಿಲವಲ್ಲ, ಪ್ಲಾಸ್ಮಾ. ನಮ್ಮ ಹಳೆಯ ಪುಸ್ತಕಗಳ ಕೊನೆಗೆ ಒಪ್ಪೋಲೆ ಅಂಟಿಸುತ್ತಿದ್ದರಲ್ಲ, ಹಾಗೆ.

ಐವತ್ತು ವರ್ಷಗಳಲ್ಲಿ ವಿಜ್ಞಾನ ಮುಂದುವರಿಯಿತು, ಹಾಡೂ ಬದಲಾಯಿತು ಎಂದು ಇದನ್ನು ಓದಿಕೊಳ್ಳುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಹಾಡು ಹುಟ್ಟುವುದಕ್ಕೆ 39 ವರ್ಷ ಮೊದಲೇ, 1920ರಲ್ಲಿ, ಮೇಘನಾದ ಸಹಾ ಅವರ ಲೇಖನ ‘ಫಿಲಾಸಫಿಕಲ್ ಮ್ಯಾಗಜಿನ್’ನಲ್ಲಿ ಅಚ್ಚಾಗಿತ್ತು. ಅತಿ ಶಾಖದಲ್ಲಿ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ. ಎಷ್ಟು ಪಾಲು ಕಳೆದುಕೊಳ್ಳುತ್ತವೆ ಎಂಬುದನ್ನು ತಾಪ ಮತ್ತು ಒತ್ತಡಗಳಿಂದ ಲೆಕ್ಕ ಹಾಕಬಹುದು. ಇದು ಸಹಾ ಸಮೀಕರಣದ ಸಾರ. ರುಬಿಡಿಯಂನಂಥ ಧಾತುವಿನ ಗೆರೆಗಳು ಸೂರ್ಯನ ಬೆಳಕಿನಲ್ಲಿ ಏಕೆ ಕಾಣುತ್ತಿಲ್ಲ? ಅದು ಅಲ್ಲಿ ಇಲ್ಲವೆಂದಲ್ಲ, ಅದರ ಎಲೆಕ್ಟ್ರಾನ್ ಕಳಚಿಹೋಗಿದೆ ಎಂದರು ಸಹಾ. ಹಾಗಿದ್ದರೆ ಸುತ್ತಲಿಗಿಂತ ತಂಪಾದ ಸೌರಕಲೆಗಳಲ್ಲಿ ಕಾಣಬೇಕು ತಾನೆ? ಅಮೆರಿಕದ ಹೆನ್ರಿ ನೋರಿಸ್ ರಸೆಲ್ ಹುಡುಕಿದರು, ಸಿಕ್ಕಿತು. ಎಲೆಕ್ಟ್ರಾನು ಕಳಚಿದ ಇಂಥ ಸ್ಥಿತಿಗೆ ಇರ್ವಿಂಗ್ ಲ್ಯಾಂಗ್ಮ್ಯೂರ್ ‘ಪ್ಲಾಸ್ಮಾ’ ಎಂಬ ಹೆಸರನ್ನು 1928ರಲ್ಲೇ ಕೊಟ್ಟಿದ್ದರು.

ತಮಾಷೆಯೆಂದರೆ, ಹೈಡ್ರೋಜನ್ ಬೆಸೆದು ಹೀಲಿಯಂ ಆಗುವ ವಿಚಾರವನ್ನು ಹಾಡು ಸರಿಯಾಗಿಯೇ ಹೇಳಿತ್ತು. ನಕ್ಷತ್ರಗಳಲ್ಲಿ ಅದು ನಡೆಯುವ ಬಗೆಯನ್ನು ಹಾನ್ಸ್ ಬೆಥೆ ವಿವರಿಸಿದ್ದು 1939ರಲ್ಲಿ. ಬೆಥೆ ಇಪ್ಪತ್ತು ವರ್ಷಗಳಲ್ಲಿ ಮಕ್ಕಳ ಹಾಡು ತಲುಪಿದರೆ, ಸಹಾ ತಲುಪಲು ತೊಂಬತ್ತು ವರ್ಷ ಹಿಡಿಯಿತು. ಅಣುಬಾಂಬಿನ ಕಾಲದಲ್ಲಿ ಬೈಜಿಕ ಕುಲುಮೆಯ ಚಿತ್ರ ಎಲ್ಲರ ತಲೆಯಲ್ಲಿತ್ತು. ಶಾಲೆಯಲ್ಲೋ ಘನ, ದ್ರವ, ಅನಿಲ ಎಂಬ ಮೂರೇ ಪೆಟ್ಟಿಗೆ. ನಾನೂ ಕಲಿತದ್ದು ಆ ಮೂರನ್ನೇ.

ಹಾಗೆಂದು ತಿದ್ದುಪಡಿಯನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಸುಮಾರು 5,500 ಡಿಗ್ರಿ ಸೆಲ್ಸಿಯಸ್ಸಿನ ಸೂರ್ಯನ ಮೇಲ್ಮೈಗೆ ಸಹಾ ಸಮೀಕರಣ ಹಾಕಿ ನೋಡಿ: ಹೈಡ್ರೋಜನ್ ಪರಮಾಣುಗಳಲ್ಲಿ ಬಹುಪಾಲು ತಮ್ಮ ಎಲೆಕ್ಟ್ರಾನನ್ನು ಇಟ್ಟುಕೊಂಡೇ ಇರುತ್ತವೆ. ನಮ್ಮ ಕಣ್ಣಿಗೆ ಬೀಳುವ ಸೂರ್ಯನ ಮಟ್ಟಿಗೆ ‘ಅನಿಲ’ ಎಂಬ ಮಾತು ತೀರಾ ಸುಳ್ಳಲ್ಲ. ಅಲ್ಲಿ ಎಲೆಕ್ಟ್ರಾನು ಕಳೆದುಕೊಂಡಿರುವುದು ಹೆಚ್ಚಾಗಿ ಲೋಹಗಳು. ಹಳೆಯ ಹಾಡು ಅನಿಲಕ್ಕೆ ಉದಾಹರಣೆಯಾಗಿ ಆರಿಸಿಕೊಂಡದ್ದು ಅವನ್ನೇ!