ಎತ್ತಿಗೂ ಒಂಬತ್ತು ಗಂಟೆ, ಡ್ರೈವರ್‌ಗೂ ಒಂಬತ್ತು ಗಂಟೆ

ಗೂಡ್ಸ್ ಗಾಡಿ ಓಡಿಸುವವರ ಕೆಲಸಕ್ಕೂ ಗಂಟೆಯ ಲೆಕ್ಕ ಇದೆ ಎಂದರೆ ನಮ್ಮ ಕಡೆಯ ಡ್ರೈವರ್‌ಗಳು ನಗುತ್ತಾರೆ. ಸಂಜೆ ಟೊಮೆಟೊ ತುಂಬಿ, ನಸುಕಿಗೆ ಮಂಡಿ ಮುಟ್ಟಿಸಿ, ಬರುವಾಗ ಗೊಬ್ಬರವೋ ಸಿಮೆಂಟೋ ಹೇರಿಕೊಂಡು ಬರುವವರಿಗೆ ಗಂಟೆ ಎಲ್ಲಿಯದು? ಆದರೂ ಲೆಕ್ಕ ಇದೆ. ಅದೂ ಬ್ರಿಟಿಷರ ಕಾಲದ್ದು.

1939ರ ಮೋಟಾರು ವಾಹನ ಕಾಯ್ದೆಯಲ್ಲೇ ಇದನ್ನು ಬರೆದಿದ್ದರು: ಐದು ಗಂಟೆ ಓಡಿಸಿದರೆ ಅರ್ಧ ಗಂಟೆ ವಿಶ್ರಾಂತಿ, ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 54 ಗಂಟೆ. ಗಮನಿಸಿ, ಈ ಮಾತು ಡ್ರೈವರ್‌ಗೆ ಹೇಳಿದ್ದಲ್ಲ. ಇದಕ್ಕಿಂತ ಹೆಚ್ಚು ದುಡಿಸಬೇಡ ಎಂದು ಮಾಲೀಕನಿಗೆ ಹೇಳಿದ್ದು.

1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ದಿನಕ್ಕೆ 8, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ. ಆದರೆ ಅದು ಐದು ಜನರಾದರೂ ಕೆಲಸಕ್ಕಿರುವ ಸಂಸ್ಥೆಗಳಿಗೆ. ಒಂದೇ ಗಾಡಿ, ಒಬ್ಬನೇ ಡ್ರೈವರ್ ಇರುವ ಹಳ್ಳಿಯ ಕಥೆ ಅದರ ಹೊರಗೇ ಉಳಿಯಿತು. 1988ರ ಕಾಯ್ದೆಯ 91ನೇ ಕಲಂ ಬಂದ ಮೇಲೆ ಸಾರಿಗೆ ವಾಹನ ಓಡಿಸುವ ಯಾರಿಗೇ ಆದರೂ ಅದೇ ಗಂಟೆ ಎಂದಾಯಿತು. ಕಾಗದದ ಮೇಲೆ.

ಇನ್ನು ಎತ್ತಿನ ವಿಷಯ. 1965ರಲ್ಲಿ ಕೇಂದ್ರ ಸರ್ಕಾರ ಗಾಡಿ ಎಳೆಯುವ ಪ್ರಾಣಿಗಳಿಗೂ ನಿಯಮ ಮಾಡಿತು. ಎತ್ತಿನ ಗಾತ್ರ, ಚಕ್ರದ ಬಗೆ ನೋಡಿ ಇಷ್ಟೇ ಕೆಜಿ ಹೇರಬೇಕು. ಕಡಿದಾದ ಉದ್ದನೆಯ ಏರಿದ್ದರೆ ಅದರ ಅರ್ಧ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಹೂಡಬಾರದು, ಒಂದೇ ಸಮನೆ ಐದು ಗಂಟೆ ದಾಟಬಾರದು. 1939ರಲ್ಲಿ ಡ್ರೈವರ್‌ಗೆ ಕೊಟ್ಟ ಲೆಕ್ಕವೇ! ಎತ್ತಿಗೆ ಒಂದು ಸವಲತ್ತು ಜಾಸ್ತಿ: ಬಿಸಿಲು 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ನೊಗಕ್ಕೆ ಕಟ್ಟುವಂತಿಲ್ಲ. ರಾಯಚೂರು, ಕಲಬುರಗಿಯ ಡ್ರೈವರ್‌ಗಳು ಇದನ್ನು ಓದಿ ಏನೆನ್ನುತ್ತಾರೋ.

ಓವರ್‌ಲೋಡ್ ಹೇಗೆ ಮಾಮೂಲಾಯಿತು? ಕೆಲವು ರಾಜ್ಯಗಳೇ ದಾರಿ ಮಾಡಿಕೊಟ್ಟವು. ದುಡ್ಡು ಕಟ್ಟಿಸಿಕೊಂಡು ಹೆಚ್ಚಿನ ತೂಕಕ್ಕೆ ಪಾಸು ಕೊಡುತ್ತಿದ್ದವು. 2005ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಪ್ಪೆಂದಿತು. ದಂಡ ಕಟ್ಟಿದರೂ ಹೆಚ್ಚಿನ ಲೋಡು ಹೊತ್ತು ಮುಂದೆ ಹೋಗುವಂತಿಲ್ಲ, ಅಲ್ಲೇ ಇಳಿಸಬೇಕು.

ಆ ತೀರ್ಪು ಬಂದಾಗ ಬಳ್ಳಾರಿಯಲ್ಲಿ ಅದಿರಿನ ಕಾಲ. ಚೀನಾದ ಬೇಡಿಕೆಗೆ ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಲಾರಿಗಳ ಸಾಲು ಮುಗಿಯುತ್ತಿರಲಿಲ್ಲ. ಎಷ್ಟು ಟನ್ನು, ಎಷ್ಟು ಟ್ರಿಪ್ಪು ಎಂಬುದರ ಮೇಲೆ ದುಡ್ಡು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2008ರ ವರದಿ ಈ ಓವರ್‌ಲೋಡಿನ ಬಗ್ಗೆಯೂ ಹೇಳಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳೂ ನಿಂತವು. ಸಾಲ ಮಾಡಿ ಲಾರಿ ತಂದವರ ಕಂತು ಮಾತ್ರ ನಿಲ್ಲಲಿಲ್ಲ.

2018ರಲ್ಲಿ ಸರ್ಕಾರ ಮಿತಿಯನ್ನೇ ಏರಿಸಿತು. ಎರಡು ಆಕ್ಸಲ್ ಲಾರಿಗೆ ಗಾಡಿಯ ತೂಕವೂ ಸೇರಿ 16.2 ಟನ್ ಇದ್ದದ್ದು 18.5 ಆಯಿತು. ಮರುವರ್ಷ ದಂಡವೂ ಏರಿತು: 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ 2,000, ಇಳಿಸುವ ಖರ್ಚು ಬೇರೆ. 1961ರ ಕಾಯ್ದೆ ಈಗ 2025ರ ನವೆಂಬರ್‌ನಲ್ಲಿ ಜಾರಿಯಾದ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ದಿನಕ್ಕೆ ಎಂಟು ಗಂಟೆ ಎಂಬುದು ಅಲ್ಲೂ ಇದೆ.

ದಂಡ ಯಾರು ಕಟ್ಟಬೇಕು ಎಂಬಲ್ಲಿಗೆ ಬಂದರೆ ನಮ್ಮಲ್ಲಿ ನಡೆಯುವುದು ಒಂದೇ: 'ಸಿಕ್ಕಿಹಾಕಿಕೊಂಡವನು ನೀನು, ನಿನ್ನ ಸಂಬಳದಲ್ಲಿ ಹಿಡಿಯುತ್ತೇನೆ.' 1988ರ ಕಾಯ್ದೆಯ 113ನೇ ಕಲಮಿನ 4ನೇ ಉಪಕಲಂ ಓದಿ. ಓಡಿಸಿದವನು ಮಾಲೀಕನಲ್ಲದಿದ್ದರೆ, ಮಾಲೀಕನಿಗೆ ಗೊತ್ತಿದ್ದೇ ಅಥವಾ ಅವನ ಅಪ್ಪಣೆಯಿಂದಲೇ ಹೆಚ್ಚು ಹೇರಿದ್ದು ಎಂದು ಕೋರ್ಟು ಭಾವಿಸಬಹುದು. ಡ್ರೈವರ್ ಅಣ್ಣಂದಿರೇ, ತೂಕದ ಚೀಟಿಯ ಫೋಟೊ, 'ಇನ್ನೂ ಹತ್ತು ಮೂಟೆ ಹಾಕ್ಸು' ಎಂದು ಮಾಲೀಕರು ಕಳಿಸಿದ ವಾಟ್ಸಾಪ್ ಮೆಸೇಜು, ಇವನ್ನು ಫೋನಿನಿಂದ ಅಳಿಸಬೇಡಿ.