ಗಡಿ ದಾಟುವ ರೂಪಾಯಿಯ ಲೆಕ್ಕ

2024ರ ಆಗಸ್ಟ್ 28ರಂದು ಕೇಂದ್ರ ಸಚಿವ ಸಂಪುಟ ದೇಶದಲ್ಲಿ 12 ಹೊಸ ಕೈಗಾರಿಕಾ ನಗರಗಳಿಗೆ ಒಪ್ಪಿಗೆ ಕೊಟ್ಟಿತು. ಒಟ್ಟು ವೆಚ್ಚ 28,602 ಕೋಟಿ ರೂಪಾಯಿ. ಇವುಗಳಿಂದ 10 ಲಕ್ಷ ಜನರಿಗೆ ನೇರ ಉದ್ಯೋಗ, 30 ಲಕ್ಷದವರೆಗೆ ಪರೋಕ್ಷ ಉದ್ಯೋಗ ಸಿಗುತ್ತದೆಂದು ಸರ್ಕಾರದ ಪ್ರಕಟಣೆ ಹೇಳಿತು. ಪಟ್ಟಿಯಲ್ಲಿ ಬೀದರಿನ ನೆರೆಯ ಜಹೀರಾಬಾದ್ ಕೂಡ ಇದೆ. ಕಾರ್ಖಾನೆಯ ಒಳಗೆ ಒಬ್ಬರಿಗೆ ಕೆಲಸ ಸಿಕ್ಕರೆ ಹೊರಗೆ ಮೂವರಿಗೆ ಸಿಗುತ್ತದೆ ಎಂಬ ಈ ಲೆಕ್ಕ ಎಲ್ಲಿಂದ ಬಂತು? ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳಲ್ಲಿ ಸುಮಾರು ನೂರು ವರ್ಷಗಳಿಂದ ಬೆಳೆದ ವಿದ್ಯೆಯೊಂದು ಇದರ ಹಿಂದಿದೆ. ಒಂದು ಉದ್ಯಮ ತನ್ನ ಸುತ್ತಲಿನ ಸೀಮೆಗೆ ಏನು ಕೊಟ್ಟಿತು, ಏನು ಕಿತ್ತುಕೊಂಡಿತು ಎಂದು ಅಳೆಯುವ ವಿದ್ಯೆ ಅದು. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ನೆಲದಲ್ಲಿ ನಿಂತು ನೋಡಿದರೆ ಅದರ ಬಲವೂ ಕಾಣುತ್ತದೆ, ಕೊರತೆಯೂ ಕಾಣುತ್ತದೆ.

ಈ ಮೂರು ಊರುಗಳು 1956ರ ತನಕ ಹೈದರಾಬಾದ್ ರಾಜ್ಯದ ಗುಲ್ಬರ್ಗಾ (ಇಂದಿನ ಕಲಬುರಗಿ) ಮತ್ತು ಬೀದರ್ ಜಿಲ್ಲೆಗಳಲ್ಲಿದ್ದವು. ರಾಜ್ಯ ಪುನರ್ವಿಂಗಡಣಾ ಕಾಯ್ದೆ ಗುಲ್ಬರ್ಗಾದಿಂದ ತಾಂಡೂರು ತಾಲ್ಲೂಕನ್ನೂ, ಬೀದರಿನಿಂದ ನಾರಾಯಣಖೇಡ ತಾಲ್ಲೂಕನ್ನೂ, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕನ್ನೂ ಬೇರ್ಪಡಿಸಿ ಆಂಧ್ರಪ್ರದೇಶಕ್ಕೆ ಸೇರಿಸಿತು. 2016ರಲ್ಲಿ ತೆಲಂಗಾಣ ತನ್ನ ಜಿಲ್ಲೆಗಳನ್ನು ಮತ್ತೆ ಒಡೆದಾಗ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿಗೆ ಹೋದವು, ತಾಂಡೂರು ವಿಕಾರಾಬಾದಿಗೆ ಹೋಯಿತು. ಆದರೆ ಕರ್ನಾಟಕದ ಶಹಾಬಾದ್, ಸೇಡಂಗಳ ಸುಣ್ಣಕಲ್ಲಿನ ಹಾಸು ತಾಂಡೂರಿನ ಅಡಿಯಲ್ಲೂ ಹಾಗೆಯೇ ಮುಂದುವರಿದಿದೆ. ತೊಗರಿಯ ಕಪ್ಪು ನೆಲವೂ ಎರಡೂ ಕಡೆ ಒಂದೇ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ತಾಂಡೂರು ತೊಗರಿಗೆ 2022ರಲ್ಲಿ ಸಿಕ್ಕಿತು. ಅಕ್ಕಪಕ್ಕದ ಹೊಲಗಳ ಬೆಳೆಗೆ ಎರಡು ಪ್ರಮಾಣಪತ್ರ, ಎರಡು ರಾಜ್ಯಗಳ ಅಂಕಿಸಂಖ್ಯೆ ಇಲಾಖೆಗಳಲ್ಲಿ ಎರಡು ಲೆಕ್ಕ.

ಅಳೆಯುವ ವಿದ್ಯೆಯಲ್ಲಿ ಇದು ಚಿಕ್ಕ ಸಂಗತಿಯಲ್ಲ. 1931ರಲ್ಲಿ ಕೇಂಬ್ರಿಜ್‌ನ ರಿಚರ್ಡ್ ಕಾನ್, ಮೊದಲ ಖರ್ಚು ಎಷ್ಟು ಪಟ್ಟು ಬೆಳೆಯುತ್ತದೆಂದು ಹೇಳುವ ಗುಣಕದ ಕಲ್ಪನೆಯನ್ನು ಲೆಕ್ಕಕ್ಕೆ ತಂದರು. ಐದು ವರ್ಷಗಳ ನಂತರ ಕೇನ್ಸ್ ಅದನ್ನು ಜಗತ್ತಿಗೆಲ್ಲ ಪರಿಚಯಿಸಿದರು. ಕಾರ್ಖಾನೆಯವನು ಕೊಟ್ಟ ಕೂಲಿಯ ಒಂದು ಭಾಗ ಊರಿನ ಕಿರಾಣಿ ಅಂಗಡಿಗೆ ಹೋಗುತ್ತದೆ, ಅಂಗಡಿಯವನ ಆದಾಯದ ಒಂದು ಭಾಗ ದರ್ಜಿಗೆ ಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಹಣ ಊರಿನಿಂದ ಹೊರಗೆ ಸೋರುತ್ತದೆ. ಪ್ರತಿ ರೂಪಾಯಿಯಲ್ಲಿ 30 ಪೈಸೆ ಮಾತ್ರ ಒಳಗೇ ಮತ್ತೆ ಖರ್ಚಾಗುವುದಾದರೆ ಗುಣಕ ಸುಮಾರು 1.43. ಅದೇ 50 ಪೈಸೆ ಉಳಿದರೆ 2. ಹಾಗಾದರೆ ‘ಒಳಗೆ’ ಎಂದರೆ ಎಲ್ಲಿಯವರೆಗೆ? ತಾಂಡೂರು ಮಂಡಲದೊಳಗೆ ಎಂದು ಗೆರೆ ಎಳೆದರೆ ಒಂದು ಉತ್ತರ ಬರುತ್ತದೆ, ಚಿಂಚೋಳಿ, ಸೇಡಂ, ಕಲಬುರಗಿಗಳನ್ನು ಸೇರಿಸಿಕೊಂಡರೆ ಇನ್ನೊಂದು. ತಾಂಡೂರಿನಲ್ಲಿ ಗಳಿಸಿದವನು ಕಲಬುರಗಿಯ ಆಸ್ಪತ್ರೆಗೆ ಕಟ್ಟಿದ ಹಣ ತೆಲಂಗಾಣದ ಲೆಕ್ಕದಲ್ಲಿ ಸೋರಿಕೆಯಾಗುತ್ತದೆ, ಇಡೀ ಸೀಮೆಯ ಲೆಕ್ಕದಲ್ಲಿ ಆದಾಯವಾಗುತ್ತದೆ. ಹೀಗೆ ಆಡಳಿತದ ಗಡಿಯೇ ಉತ್ತರವನ್ನು ಅರ್ಧ ಬರೆದುಬಿಟ್ಟಿರುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ಎತ್ತಿದವರು ವಿ.ಕೆ.ಆರ್.ವಿ. ರಾವ್. ಬ್ರಿಟಿಷ್ ಭಾರತದ 1931-32ರ ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕಿದವರು, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದವರು. 1952ರ ತಮ್ಮ ಲೇಖನದಲ್ಲಿ ಅವರು, ಕೇನ್ಸ್ ಹೇಳಿದ ಗುಣಕ ನಮ್ಮಂಥ ಕೃಷಿ ಪ್ರಧಾನ ನಾಡಿನಲ್ಲಿ ಹಾಗೆಯೇ ಕೆಲಸ ಮಾಡುವುದಿಲ್ಲ ಎಂದು ವಾದಿಸಿದರು. ಇಂಗ್ಲೆಂಡಿನಲ್ಲಿ ಬೇಡಿಕೆ ಹುಟ್ಟಿದರೆ ಸುಮ್ಮನೆ ನಿಂತಿದ್ದ ಯಂತ್ರಗಳು ಮತ್ತೆ ತಿರುಗುತ್ತವೆ. ಇಲ್ಲಿ ಹೊಸದಾಗಿ ಕೈಗೆ ಬಂದ ಕೂಲಿ ಮೊದಲು ಅನ್ನಕ್ಕೆ ಹೋಗುತ್ತದೆ. ಬೇಡಿಕೆ ಹೆಚ್ಚಾಯಿತೆಂದು ಆ ವರ್ಷದ ಜೋಳ ಎರಡು ಪಟ್ಟು ಬೆಳೆಯುವುದಿಲ್ಲವಲ್ಲ, ಏರುವುದು ಬೆಲೆ. ಸಂಪುಟದ ಪ್ರಕಟಣೆಗಳಲ್ಲಿ ‘ಪರೋಕ್ಷ ಉದ್ಯೋಗ’ ಎಂಬ ಮಾತು ಕಂಡಾಗಲೆಲ್ಲ ಈ ಲೇಖನವನ್ನು ತೆಗೆದು ಓದಬೇಕು ಅನ್ನಿಸುತ್ತದೆ. ಎಪ್ಪತ್ತು ವರ್ಷ ಕಳೆದರೂ ಅದು ಹಳತಾಗಿಲ್ಲ.

ಇದೇ ಕಾಲದಲ್ಲಿ ಹಾರ್ವರ್ಡ್‌ನ ವಾಸಿಲಿ ಲಿಯೊಂಟಿಯೆಫ್ ಬೇರೆ ದಾರಿ ಹಿಡಿದಿದ್ದರು. ಪ್ರತಿ ಉದ್ಯಮ ಇನ್ನೊಂದರಿಂದ ಏನನ್ನು ಎಷ್ಟು ಕೊಳ್ಳುತ್ತದೆ ಎಂಬ ದೊಡ್ಡ ಕೋಷ್ಟಕ ಅವರದು. 1936ರಲ್ಲಿ ಮೊದಲು ಪ್ರಕಟವಾದ ಈ ಕೆಲಸಕ್ಕೆ 1973ರಲ್ಲಿ ನೊಬೆಲ್ ಬಂತು. ವಾಲ್ಟರ್ ಇಸಾರ್ಡ್ 1951ರಲ್ಲಿ ಅದನ್ನು ಪ್ರದೇಶ ಪ್ರದೇಶಗಳ ನಡುವಿನ ಕೋಷ್ಟಕವಾಗಿ ಹಿಗ್ಗಿಸಿದರು. ಇಂದು ಯೋಜನಾ ವರದಿಗಳಲ್ಲಿ ಕಾಣುವ ಉದ್ಯೋಗದ ಅಂದಾಜುಗಳಿಗೆ ಹೆಚ್ಚಾಗಿ ಇದರ ಸಂತತಿಯೇ ಆಧಾರ. ಜಿಲ್ಲಾ ಮಟ್ಟದ ಅಸಲಿ ಕೋಷ್ಟಕ ತಯಾರಿಸುವುದು ದುಬಾರಿ, ಹಾಗಾಗಿ ಸಾಮಾನ್ಯವಾಗಿ ರಾಷ್ಟ್ರದ ಕೋಷ್ಟಕವನ್ನೇ ಕುಗ್ಗಿಸಿ ಜಿಲ್ಲೆಗೆ ಹೊಂದಿಸುತ್ತಾರೆ. ಸಿಮೆಂಟ್ ಕಾರ್ಖಾನೆಗೆ ಇದು ಹೇಗೋ ನಡೆದೀತು. ಕಲ್ಲು ಕೊಯ್ದು ಪಾಲಿಶ್ ಮಾಡುವ ತಾಂಡೂರಿನ ಸಣ್ಣ ಘಟಕಗಳಿಗೆ ನಡೆಯುವುದಿಲ್ಲ. ವಾರ್ಷಿಕ ಕೈಗಾರಿಕಾ ಸಮೀಕ್ಷೆಯ ಬಲೆಗೆ ಬೀಳುವುದು ವಿದ್ಯುತ್ ಬಳಸಿ 10 ಅಥವಾ ಹೆಚ್ಚು ಕೆಲಸಗಾರರನ್ನು ಇಟ್ಟುಕೊಂಡ, ಇಲ್ಲವೇ ವಿದ್ಯುತ್ ಇಲ್ಲದೆ 20 ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳು. ಅದಕ್ಕಿಂತ ಚಿಕ್ಕವು ಬೇರೆ ಸಮೀಕ್ಷೆಗಳಲ್ಲಿ, ಬೇರೆ ಅವಧಿಯಲ್ಲಿ, ಮಾದರಿಯಾಗಿ ಮಾತ್ರ ಕಾಣಿಸಿಕೊಳ್ಳುತ್ತವೆ. ಗಣಿಯಿಂದ ಶಹಾಬಾದಿ ಕಲ್ಲಿನ ಹಾಸು ಎಬ್ಬಿಸುವವರು, ಲಾರಿಗೆ ಹೇರುವವರು, ಅಂಚು ಕತ್ತರಿಸುವವರು ಕೋಷ್ಟಕದ ಯಾವ ಅಂಕಣಕ್ಕೆ ಸೇರಿದವರೆಂದು ಅದನ್ನು ತಯಾರಿಸಿದವರಿಗೂ ಹೇಳುವುದು ಕಷ್ಟ.

ಉತ್ಪಾದನೆಯನ್ನು ಅಳೆದರೆ ಜನರ ಬದುಕನ್ನು ಅಳೆದಂತಾಯಿತೆ? ಈ ಪ್ರಶ್ನೆಗೆ ಗಡಿಯ ಕರ್ನಾಟಕದ ಬದಿಯಲ್ಲಿ ಕಣ್ಣಿಗೆ ರಾಚುವ ಉತ್ತರವಿದೆ. ಅರ್ಥಶಾಸ್ತ್ರದ ಪ್ರಾಧ್ಯಾಪಕ ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ 35 ಸೂಚಕಗಳನ್ನು ಇಟ್ಟುಕೊಂಡು ರಾಜ್ಯದ ತಾಲ್ಲೂಕುಗಳನ್ನು ತೂಗಿತು. 114 ತಾಲ್ಲೂಕುಗಳು ಹಿಂದುಳಿದವೆಂದು ತೀರ್ಮಾನವಾಯಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ಚಿತ್ತಾಪುರ ಇತ್ತು, ಸೇಡಂ ಇತ್ತು. ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಚಿಮಣಿಗಳು ಆ ಹೊತ್ತಿಗೆ ಎಷ್ಟೋ ವರ್ಷಗಳಿಂದ ಹೊಗೆಯಾಡುತ್ತಿದ್ದವು! ಜಿಲ್ಲೆಯ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ಸಿಮೆಂಟಿನ ಮೌಲ್ಯ ಆ ನೆಲದ ಹೆಸರಿನಲ್ಲೇ ಸೇರುತ್ತದೆ. ಲಾಭ ಮಾತ್ರ ಷೇರುದಾರರ ಊರಿಗೆ ಹೋಗುತ್ತದೆ. ತಾಂಡೂರು ಘಟಕವೂ ಇದ್ದ ಪೆನ್ನಾ ಸಿಮೆಂಟ್ 2024ರಲ್ಲಿ ಅಂಬುಜಾ ಕಂಪನಿಯ ಕೈಸೇರಿತು. ಗಡಿಯ ಈಚೆ ಚಿಂಚೋಳಿ ತಾಲ್ಲೂಕಿನ ಛತ್ರಸಾಲದ ಕಾರ್ಖಾನೆ ಫ್ರಾನ್ಸಿನ ವಿಕಾ ಸಮೂಹದ್ದು. ನಂಜುಂಡಪ್ಪ ವರದಿ ಅಳೆದದ್ದು ಕರ್ನಾಟಕವನ್ನು. ಚಿಂಚೋಳಿಯ ಹಿಂದುಳಿದಿರುವಿಕೆ ಅದರಲ್ಲಿ ದಾಖಲಾಯಿತು, ಅದೇ ನೆಲದ ಮುಂದುವರಿಕೆಯಾದ ತಾಂಡೂರು ಸಹಜವಾಗಿಯೇ ಹೊರಗುಳಿಯಿತು. ಮುಂದೆ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಿಂದ ದೊರೆತ ನೆರವೂ ಗಡಿಯಾಚೆಗೆ ದಾಟಲಿಲ್ಲ.

ಹಾಗಾಗಿ ನಾನು ಹೆಚ್ಚು ನಂಬುವುದು ಇನ್ನೊಂದು ಪರಂಪರೆಯನ್ನು. ಊರಿಗೆ ಹೋಗಿ, ಮನೆ ಮನೆ ಕೇಳಿ ಅಳೆಯುವ ಪರಂಪರೆ ಅದು. ಮದ್ರಾಸು ವಿಶ್ವವಿದ್ಯಾಲಯದ ಗಿಲ್ಬರ್ಟ್ ಸ್ಲೇಟರ್ 1916ರಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕಳಿಸಿದರು. ಹೈದರಾಬಾದ್ ಸಂಸ್ಥಾನದಲ್ಲಿ ಎಸ್. ಕೇಶವ ಅಯ್ಯಂಗಾರ್ 1929-30ರಲ್ಲಿ ಆರ್ಥಿಕ ತನಿಖೆ ನಡೆಸಿ, 1949-51ರಲ್ಲಿ ಮತ್ತೊಮ್ಮೆ ಗ್ರಾಮೀಣ ವಿಚಾರಣೆ ಮಾಡಿದರು. ಪುಣೆಯ ಗೋಖಲೆ ಸಂಸ್ಥೆಯ ಡಿ.ಆರ್. ಗಾಡಗೀಳ್ 1948ರಲ್ಲಿ ಪ್ರಕಟಿಸಿದ ಗೋದಾವರಿ, ಪ್ರವರಾ ಕಾಲುವೆಗಳ ಅಧ್ಯಯನದಲ್ಲಿ ನೀರಾವರಿಯ ನೇರ ಲಾಭ, ಪರೋಕ್ಷ ಲಾಭಗಳನ್ನು ಬೇರೆಬೇರೆಯಾಗಿ ಹಿಡಿದರು.

ಕನ್ನಡ ನಾಡಿಗೆ ಸಂಬಂಧಿಸಿ ಈ ಪರಂಪರೆಯ ಶಿಖರ ಸ್ಕಾರ್ಲೆಟ್ ಎಪ್ಸ್ಟೈನ್ ಅವರ ಮಂಡ್ಯದ ಅಧ್ಯಯನ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ 1954ರಲ್ಲಿ ಬಂದ ಅವರು ಎರಡು ಹಳ್ಳಿಗಳನ್ನು ಆರಿಸಿಕೊಂಡು ಅವುಗಳಿಗೆ ವಂಗಲ, ದಲೇನ ಎಂದು ಹೆಸರಿಟ್ಟರು. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು, ಕಬ್ಬು ಬೆಳೆದರು, ಸಕ್ಕರೆ ಕಾರ್ಖಾನೆಗೆ ಮಾರಿದರು. ದಲೇನದ ಹೊಲಗಳು ಎತ್ತರದಲ್ಲಿದ್ದುದರಿಂದ ನೀರು ಏರಲಿಲ್ಲ. ಮೇಲ್ನೋಟದ ಯಾವ ಲೆಕ್ಕದಲ್ಲೂ ಗೆದ್ದದ್ದು ವಂಗಲವೇ. ಎಪ್ಸ್ಟೈನ್ ಎರಡೂ ಊರುಗಳಲ್ಲಿದ್ದು ಮನೆಗಳ ಆಯವ್ಯಯ ಬರೆದುಕೊಂಡಾಗ ಕಂಡದ್ದು ಬೇರೆ. ನೀರು ಬಂದ ಊರು ಬೇಸಾಯವನ್ನೇ ಮುಂದುವರಿಸಿತು, ಹಳೆಯ ಜಾತಿ ಸಂಬಂಧಗಳು, ಆಳು-ಒಡೆಯರ ಕಟ್ಟು ಹಾಗೆಯೇ ಉಳಿದವು. ನೀರು ಬಾರದ ದಲೇನದವರು ಮಂಡ್ಯದಲ್ಲಿ ನೌಕರಿ ಹಿಡಿದರು, ಹಿಟ್ಟಿನ ಗಿರಣಿ ಹಾಕಿದರು, ಬೇರೆ ಊರುಗಳಲ್ಲಿ ಗದ್ದೆ ಕೊಂಡರು. ಸಮಾಜ ಹೆಚ್ಚು ಬದಲಾದದ್ದು ಅಲ್ಲಿ. 1962ರಲ್ಲಿ ಪುಸ್ತಕ ಬಂತು. ಮುಂದೆ ಅವೇ ಊರುಗಳಿಗೆ ಮರಳಿ ಬಂದು 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. ಉದ್ಯಮದ ಪ್ರಭಾವವನ್ನು ಕಾರ್ಖಾನೆಯ ಗೇಟಿನಲ್ಲಿ ಎಣಿಸಿದ್ದರೆ ದಲೇನ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹೈದರಾಬಾದಿನಿಂದ ಜಹೀರಾಬಾದಿಗೆ ಹೋಗುವ ಹೆದ್ದಾರಿಯ ಮೇಲೆಯೇ ಇರುವ ಪಟಾಂಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1975ರಲ್ಲಿ ಈ ಕೆಲಸಕ್ಕೆ ಶಿಸ್ತಿನ ರೂಪ ಕೊಟ್ಟಿತು. ಮೆಹಬೂಬನಗರ, ಸೊಲ್ಲಾಪುರ, ಅಕೋಲಾ ಜಿಲ್ಲೆಗಳ ಆರು ಹಳ್ಳಿಗಳಲ್ಲಿ ತನಿಖೆಗಾರರನ್ನು ಊರಲ್ಲೇ ಇರಿಸಿ, ಅವೇ ಮನೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಅಲ್ಲಿದ್ದ ಎನ್.ಎಸ್. ಜೋಧಾ 1986ರಲ್ಲಿ ಪ್ರಕಟಿಸಿದ ಅಧ್ಯಯನ ಏಳು ರಾಜ್ಯಗಳ 80ಕ್ಕೂ ಹೆಚ್ಚು ಹಳ್ಳಿಗಳದು. ಬೀದರ್, ಗುಲ್ಬರ್ಗಾ, ಮೆದಕ್ ಜಿಲ್ಲೆಗಳೂ ಅದರಲ್ಲಿದ್ದವು, ಅಂದರೆ ಗಡಿಯ ಎರಡೂ ಬದಿ. ಬಡ ಮನೆಗಳ ಆದಾಯದಲ್ಲಿ ಶೇಕಡಾ 14ರಿಂದ 23ರಷ್ಟು ಗೋಮಾಳ, ಕೆರೆಯಂಗಳ, ಕುರುಚಲು ಕಾಡಿನಂಥ ಸಾಮುದಾಯಿಕ ನೆಲದಿಂದ ಬರುತ್ತದೆಂದು ಅವರು ತೋರಿಸಿದರು. ಕೈಗಾರಿಕಾ ವಲಯಕ್ಕೆಂದು ‘ಖಾಲಿ’ ಸರ್ಕಾರಿ ಜಮೀನು ಗುರುತಿಸುವಾಗ ಈ ಶೇಕಡಾವಾರು ಯಾವ ಯೋಜನಾ ವರದಿಯ ಖರ್ಚಿನ ಬದಿಯಲ್ಲೂ ಬರುವುದಿಲ್ಲ. ಜಹೀರಾಬಾದಿನ ವಲಯದ ಭೂಸ್ವಾಧೀನದಲ್ಲಿ ಇದೇ ಬಿರುಕು ನ್ಯಾಯಾಲಯಕ್ಕೆ ಹೋಯಿತು. ಭೂಮಾಲೀಕರಿಂದ ನೇರ ಖರೀದಿಗೆ ದಾರಿ ಮಾಡಿದ್ದ ಸರ್ಕಾರಿ ಆದೇಶ ಜಿ.ಒ. 123ನ್ನು 2016ರ ಆಗಸ್ಟ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ರದ್ದುಮಾಡಿತು. ಆ ಜಮೀನುಗಳಲ್ಲಿ ದುಡಿದು ಬದುಕುತ್ತಿದ್ದ, ತಮ್ಮದೆಂಬ ನೆಲವಿಲ್ಲದ ಕೂಲಿಕಾರರು ಅರ್ಜಿ ಹಾಕಿದ್ದರು.

ಮಾರುಕಟ್ಟೆಗೆ ಬಾರದ ಬೆಳೆಯ ಬೆಲೆ ಕಟ್ಟುವುದು ಹೇಗೆಂಬ ಪ್ರಶ್ನೆಗೆ ಜಹೀರಾಬಾದ್ ಸೀಮೆಯೇ ಒಂದು ಉತ್ತರ ಕೊಟ್ಟಿದೆ. ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ 1983ರಲ್ಲಿ ಸಂಗಡಿಗರೊಂದಿಗೆ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ, ದಲಿತ ಮಹಿಳೆಯರ ಸಂಘಗಳ ಮೂಲಕ ಜೋಳ, ನವಣೆ, ಸಾಮೆಗಳ ಬೇಸಾಯವನ್ನು ಮತ್ತೆ ಚಾಲ್ತಿಗೆ ತಂದಿತು. 2001ರ ಜೂನ್‌ನಲ್ಲಿ ಇದೇ ಸೀಮೆಯ ಅಲ್ಗೋಲ್ ಹಳ್ಳಿಯಲ್ಲಿ ‘ಪ್ರಜಾತೀರ್ಪು’ ನಡೆಯಿತು. ಹೈದರಾಬಾದ್ ವಿಶ್ವವಿದ್ಯಾಲಯ, ಬ್ರಿಟನ್ನಿನ ಎರಡು ಸಂಶೋಧನಾ ಸಂಸ್ಥೆಗಳೂ ಪಾಲುಗೊಂಡಿದ್ದ ಇದರಲ್ಲಿ ಸಣ್ಣ ರೈತರು, ಹೆಚ್ಚಾಗಿ ಮಹಿಳೆಯರು, ನ್ಯಾಯದರ್ಶಿಗಳಾಗಿ ಕೂತು ಆಂಧ್ರದ ‘ವಿಷನ್ 2020’ ಯೋಜನೆಯನ್ನು ವಿಚಾರಣೆ ಮಾಡಿದರು. ಯಂತ್ರೀಕರಣದಿಂದ ಹೊಲ ಬಿಟ್ಟು ಹೊರಡುವವರಿಗೆ ಯಾವ ಕೆಲಸ ಕಾದಿದೆ ಎಂದು ಕೇಳಿದರು. ಅವರ ತೀರ್ಪು ಬ್ರಿಟನ್ನಿನ ನೆರವು ಇಲಾಖೆಯವರೆಗೂ ವಿವಾದವಾಯಿತು. ಅಳೆಯಲ್ಪಡುವವರೇ ಅಳತೆಗೋಲನ್ನು ಆರಿಸಬಹುದು ಎಂಬುದನ್ನು ಈ ಕ್ಷೇತ್ರದ ವಿದ್ವಾಂಸರು ಗಂಭೀರವಾಗಿ ಪರಿಗಣಿಸಬೇಕಾಗಿ ಬಂತು.

ಕಳೆದ ಎರಡು ದಶಕಗಳ ಸಂಶೋಧನೆ ಕಟ್ಟುನಿಟ್ಟಾದದ್ದು. ಕಾರ್ಖಾನೆ ಬಾರದಿದ್ದರೆ ಅದೇ ಊರು ಹೇಗಿರುತ್ತಿತ್ತು ಎಂಬುದು ಅದರ ಮುಖ್ಯ ಪ್ರಶ್ನೆ. ಅರ್ಥಶಾಸ್ತ್ರಜ್ಞರಾದ ಗ್ರೀನ್‌ಸ್ಟೋನ್, ಹಾರ್ನ್‌ಬೆಕ್, ಮೊರೆಟ್ಟಿ 2010ರಲ್ಲಿ, ದೊಡ್ಡ ಕಾರ್ಖಾನೆಯನ್ನು ಪಡೆದ ಅಮೆರಿಕದ ಕೌಂಟಿಗಳನ್ನು, ಕೊನೆಯ ಸುತ್ತಿನಲ್ಲಿ ಅದನ್ನು ಕಳೆದುಕೊಂಡವುಗಳ ಜೊತೆ ಹೋಲಿಸಿದರು. ಗೆದ್ದ ಕಡೆ ಹಳೆಯ ಕಾರ್ಖಾನೆಗಳ ಉತ್ಪಾದಕತೆ ಐದು ವರ್ಷಗಳಲ್ಲಿ ಶೇಕಡಾ 12ರಷ್ಟು ಮೇಲಿತ್ತು. ಹತ್ತು ವರ್ಷಗಳ ನಂತರ ಸ್ಲಾಟರಿ ಮತ್ತು ಜೈಡರ್ ಹೊಸ ಮಾಹಿತಿಯಿಂದ ನೋಡಿದಾಗ ಅಂಥ ಪಸರಿಕೆಗೆ ಪುರಾವೆ ತೆಳುವಾಗಿತ್ತು. ಇಥಿಯೋಪಿಯಾದಲ್ಲಿ ಬ್ಲಾಟ್‌ಮನ್ ಮತ್ತು ಡರ್ಕಾನ್ ಅರ್ಜಿದಾರರಿಗೆ ಲಾಟರಿ ಎತ್ತಿ ಕಾರ್ಖಾನೆಯ ಕೆಲಸ ಕೊಡಿಸಿದರು. ಹೆಚ್ಚಿನವರು ಕೆಲವೇ ತಿಂಗಳಲ್ಲಿ ಬಿಟ್ಟರು, ಕೆಲಸದಿಂದ ಆರೋಗ್ಯ ಕೆಟ್ಟ ಲಕ್ಷಣಗಳೂ ಕಂಡವು. ಉಪಗ್ರಹ ಹಿಡಿದ ರಾತ್ರಿ ಬೆಳಕಿನಿಂದ ಆದಾಯ ಅಂದಾಜಿಸುವ ವಿಧಾನವನ್ನು ಹೆಂಡರ್ಸನ್, ಸ್ಟೋರಿಗಾರ್ಡ್, ವೈಲ್ 2012ರಲ್ಲಿ ನೆಲೆಗೊಳಿಸಿದರು. ಬೆಳಕು ಗಡಿ ನೋಡುವುದಿಲ್ಲ ಎಂಬುದು ಅದರ ದೊಡ್ಡ ಗುಣ. ಆದರೆ ಸಿಮೆಂಟ್ ಕಾರ್ಖಾನೆ ರಾತ್ರಿಯಿಡೀ ಬೆಳಗುತ್ತದೆ, ತೊಗರಿ ಹೊಲ ಎಂಥ ಒಳ್ಳೆಯ ವರ್ಷದಲ್ಲೂ ಕತ್ತಲಲ್ಲೇ ಇರುತ್ತದೆ.

ಈ ಹೊಸ ವಿಧಾನಗಳ ಕಣ್ಣಿನಲ್ಲಿ 1956ರ ಗೆರೆ ಒಂದು ಅವಕಾಶ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 1994ರಲ್ಲಿ ನ್ಯೂಜೆರ್ಸಿ-ಪೆನ್ಸಿಲ್ವೇನಿಯಾ ಗಡಿಯ ಎರಡೂ ಬದಿಯ ಹೋಟೆಲುಗಳನ್ನು ಹೋಲಿಸಿ ಕನಿಷ್ಠ ಕೂಲಿಯ ಪರಿಣಾಮ ಕಂಡುಕೊಂಡರು. ಇಲ್ಲಿಯೂ ಕಲ್ಲು ಒಂದೇ, ಮಣ್ಣು ಒಂದೇ, ಮನೆಗಳ ನಂಟಸ್ತಿಕೆಯೂ ಒಂದೇ. ಬೇರೆಯಾದದ್ದು ಸರ್ಕಾರದ ನೀತಿ, ರಾಜಧನದ ದರ, ಶಾಲೆಯ ಭಾಷೆ, ವಿದ್ಯುತ್ತಿನ ಬೆಲೆ. ಕಲಬುರಗಿಯ ವಿಶ್ವವಿದ್ಯಾಲಯಗಳೂ ಹೈದರಾಬಾದಿನವೂ ಸೇರಿ ಸೇಡಂ-ತಾಂಡೂರು, ಬೀದರ್-ಜಹೀರಾಬಾದ್, ಔರಾದ್-ನಾರಾಯಣಖೇಡ ಜೋಡಿಗಳನ್ನು ಒಂದೇ ಪ್ರಶ್ನಾವಳಿಯಿಂದ ಅಳೆದರೆ, ಕಲ್ಲಿನ ಹುಡಿಯಿಂದ ಕೆಟ್ಟ ಶ್ವಾಸಕೋಶದ ಖರ್ಚನ್ನೂ, ಗಣಿ ತೋಡಿ ಬಿಟ್ಟ ಹೊಂಡಗಳನ್ನೂ ಲೆಕ್ಕದಲ್ಲಿ ಕಳೆದರೆ, ಈ ಸೀಮೆಗೆ ಸಿಮೆಂಟು ಏನು ಕೊಟ್ಟಿತೆಂದು ಮೊದಲ ಬಾರಿಗೆ ನೆಚ್ಚಬಹುದಾದ ಉತ್ತರ ಸಿಗುತ್ತದೆ.

ಅಂಥ ಅಧ್ಯಯನದಲ್ಲಿ ಅತಿ ಕಷ್ಟದ ಭಾಗ ನಾರಾಯಣಖೇಡದ ಲಂಬಾಣಿ ತಾಂಡಾಗಳು. ಅಲ್ಲಿಂದ ಗಂಡ ಹೆಂಡತಿ ಜೋಡಿಯಾಗಿ, ಕೂಲಿಕಾರರನ್ನು ಒದಗಿಸುವ ಮುಕಾದಮನ ಮುಂಗಡ ಹಿಡಿದು ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಅವರ ದುಡಿಮೆಯ ಮೌಲ್ಯ ಸಕ್ಕರೆ ಕಾರ್ಖಾನೆ ಇರುವ ಜಿಲ್ಲೆಯ ಉತ್ಪನ್ನದಲ್ಲಿ ಸೇರುತ್ತದೆ, ಸಾಲ ತಾಂಡಾದಲ್ಲಿರುತ್ತದೆ, ಸಮೀಕ್ಷೆಯವರಿಗೆ ಸಿಗುವುದು ಬೀಗ ಹಾಕಿದ ಬಾಗಿಲು ಅಥವಾ ಮನೆ ಕಾಯುವ ಮುದುಕರು. ಹಂಗಾಮು ಮುಗಿದು ಜನ ಮರಳುವುದು ಯುಗಾದಿಯ ಆಸುಪಾಸಿನಲ್ಲಿ. ತನಿಖೆಗಾರರು ಬರಬೇಕಾದದ್ದು ಆಗ, ಲಂಬಾಣಿ, ಕನ್ನಡ, ತೆಲುಗು ಮೂರೂ ಬಲ್ಲವರಾಗಿ. ಮುಂಗಡ ಎಷ್ಟು, ಅದರಲ್ಲಿ ತೀರಿದ್ದೆಷ್ಟು, ಮಕ್ಕಳು ಆ ತಿಂಗಳುಗಳಲ್ಲಿ ಯಾವ ಶಾಲೆಯಲ್ಲಿದ್ದರು ಎಂಬುದನ್ನು ಉತ್ಪಾದನೆಯ ಅಂಕಿಗಳಿಗಿಂತ ಮೊದಲು ಕೇಳಬೇಕು.