ಲೇಸರ್ ಸುಟ್ಟಿದ್ದು ಎಲ್ಲಿ ಹೋಯ್ತು?

ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್ ಕಡೆ ಓಡಾಡೋರಿಗೆ ‘ಲೇಸರ್ ಕಟಿಂಗ್’ ಅನ್ನೋ ಬೋರ್ಡು ಹೊಸದಲ್ಲ. ಅಲ್ಲಿ ಬೇಕಾಗಿರೋದು ಕತ್ತರಿಸಿದ ತಗಡು. ಬೆಳಕಿನ ಹೊಡೆತಕ್ಕೆ ಕರಗಿ, ಆವಿಯಾಗಿ ಹಾರಿಹೋಗಿದ್ದು ಕಸ. ಆ ಹಾರಿಹೋಗಿದ್ದನ್ನೇ ಹಿಡಿದಿಟ್ಟುಕೊಂಡರೆ? ಗಾಳಿ ತೆಗೆದ ಪೆಟ್ಟಿಗೆಯೊಳಗೆ, ಎದುರಿಗೆ ಬಿಸಿ ಮಾಡಿದ ಹರಳಿನ ಬಿಲ್ಲೆಯೊಂದನ್ನು ಇಟ್ಟರೆ, ಆ ಆವಿ ಅದರ ಮೇಲೆ ಪದರವಾಗಿ ಕಟ್ಟುತ್ತೆ. ಹಾಲಿನ ಕೆನೆ ಥರಾ, ಆದರೆ ಅದಕ್ಕಿಂತ ಸಾವಿರಾರು ಪಾಲು ತೆಳ್ಳಗೆ.

ಲೇಸರ್ ಹುಟ್ಟಿ ಐದೇ ವರ್ಷಕ್ಕೆ, 1965ರಲ್ಲಿ, ಸ್ಮಿತ್ ಮತ್ತು ಟರ್ನರ್ ಇದನ್ನು ಮಾಡಿ ತೋರಿಸಿದರು. ಆಮೇಲೆ ಸುಮಾರು ಇಪ್ಪತ್ತು ವರ್ಷ ಇದರ ಬಗ್ಗೆ ತಲೆ ಕೆಡಿಸಿಕೊಂಡವರು ಕಮ್ಮಿ.

1987ರಲ್ಲಿ ದಿಕ್ಕು ಬದಲಾಯಿತು. ದ್ರವ ಸಾರಜನಕದ ಚಳಿಯಲ್ಲೇ ಪ್ರತಿರೋಧವಿಲ್ಲದೆ ಕರೆಂಟ್ ಹರಿಸುವ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಆ ವರ್ಷದ ಹುಚ್ಚು. ನಮ್ಮ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ತಂಡವೂ ಅದರ ಮೇಲೆ ಕೆಲಸ ಮಾಡಿ ‘ನೇಚರ್’ನಲ್ಲಿ ಪ್ರಕಟಿಸಿತು. ಆದರೆ ಇದರ ತೆಳು ಪದರ ಮಾಡೋದು ಹೇಗೆ? ಮೂರು ಲೋಹಗಳನ್ನೂ ಒಟ್ಟಿಗೆ ಕಾಯಿಸಿದರೆ ಬೇಗ ಆವಿಯಾಗೋದು ಮೊದಲು ಹೋಗುತ್ತೆ, ಅಳತೆ ಕೆಡುತ್ತೆ. ನ್ಯೂಜೆರ್ಸಿಯ ಬೆಲ್‌ಕೋರ್‌ನಲ್ಲಿ ಟಿ. ವೆಂಕಟೇಶನ್ ಮತ್ತು ಜೊತೆಗಾರರು ಲೇಸರ್ ಮಿಡಿತ ಹೊಡೆದರು. ಕೆಲವೇ ನ್ಯಾನೋಸೆಕೆಂಡಿನಲ್ಲಿ ಮುಗಿಯುವ ಹೊಡೆತಕ್ಕೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಆರಿಸುವ ಪುರುಸೊತ್ತೇ ಇಲ್ಲ. ಇದ್ದ ಅಳತೆಯಲ್ಲೇ ಎಲ್ಲ ಎದ್ದು ಬಂತು.

1988ರಲ್ಲಿ ಅದೇ ಗುಂಪಿನ ಒಂದು ಪ್ರಬಂಧದಲ್ಲಿ ಎಂ.ಎಸ್. ಹೆಗಡೆ ಅನ್ನೋ ಹೆಸರಿದೆ. ಐಐಎಸ್‌ಸಿಯ ಪ್ರೊಫೆಸರ್ ಆಗಿದ್ದವರು. 1993ರಲ್ಲಿ ಅವರೂ ಸತ್ಯಲಕ್ಷ್ಮಿ ಮೊದಲಾದವರೂ ಲ್ಯಾಂಥನಂ ನಿಕಲೇಟ್‌ನ ಪದರವನ್ನು ಇದೇ ವಿಧಾನದಲ್ಲಿ ಬೆಳೆಸಿದ ಪ್ರಬಂಧ ಬಂತು. ಆಕ್ಸೈಡ್ ಆದರೂ ಲೋಹದಂತೆ ಕರೆಂಟ್ ಹರಿಸುವ ಪದಾರ್ಥ ಅದು. ಅದೇ ಕ್ಯಾಂಪಸ್ಸಿನಲ್ಲಿ ಎಸ್.ಬಿ. ಕೃಪಾನಿಧಿ ಲೇಸರ್‌ನಿಂದಲೇ ಫೆರೋಎಲೆಕ್ಟ್ರಿಕ್ ಪದರಗಳನ್ನು ಬೆಳೆಸಿದರು. ವಿಜಯನಗರದಿಂದ ದಿನಾ ಕ್ಯಾಬ್ ಹತ್ತಿ ಹೋಗೋ ನಮ್ಮಂಥ ಕೋಡ್ ಬರೆಯೋರು ಅಮೆರಿಕದ ಗ್ಯಾರೇಜ್ ಕಥೆಗಳನ್ನು ಬಾಯಿಪಾಠ ಹೇಳ್ತೀವಿ. ಯಶವಂತಪುರದ ಪಕ್ಕದಲ್ಲೇ ನಡೆದ ಈ ಕೆಲಸದ ಸುದ್ದಿ ನಮ್ಮ ಕ್ಯಾಂಟೀನಿನಲ್ಲಿ ಒಂದು ಸಲನೂ ಬಂದಿಲ್ಲ.

ಈಗಿನ ಸವಾಲು ಎರಡು ಆಯಾಮದ ಅರೆವಾಹಕಗಳದ್ದು. ಮಾಲಿಬ್ಡಿನಂ ಡೈಸಲ್ಫೈಡ್‌ನ ಒಂದು ಪದರ ಅಂದರೆ ಮೂರೇ ಪರಮಾಣುಗಳ ದಪ್ಪ, ಸುಮಾರು 0.65 ನ್ಯಾನೋಮೀಟರ್. ಇಲ್ಲಿ ಲೇಸರ್‌ನ ಹಳೇ ಗುಣ ಪೂರ್ತಿ ಕೈಹಿಡಿಯಲ್ಲ: ಗಂಧಕ ಹಗುರ, ಬಿಸಿ ಬಿಲ್ಲೆಯ ಮೇಲೆ ನಿಲ್ಲದೆ ಹಾರಿಬಿಡುತ್ತೆ. ಹಾಗಾಗಿ ಮೂಲ ಬಿಲ್ಲೆಯಲ್ಲೇ ಗಂಧಕ ಹೆಚ್ಚಿಗೆ ಹಾಕ್ತಾರೆ, ಇಲ್ಲವೇ ಗಂಧಕದ ಆವಿಯಲ್ಲೇ ಬೆಳೆಸ್ತಾರೆ. ಲೇಸರ್ ಒಂದೇ ದಾರಿಯೂ ಅಲ್ಲ. ಅನಿಲಗಳಿಂದ ಬೆಳೆಸೋದೇ ಹೆಚ್ಚು ಬಳಕೆಯಲ್ಲಿದೆ.

ಇಂಥ ಪದಾರ್ಥಗಳಿಂದ ಚಿಪ್ ಮಾಡಲು ಐಐಎಸ್‌ಸಿಯ 30 ವಿಜ್ಞಾನಿಗಳು ಕೇಂದ್ರಕ್ಕೆ ಪ್ರಸ್ತಾವ ಕೊಟ್ಟಿದ್ದಾರೆ ಅಂತ 2025ರಲ್ಲಿ ಸುದ್ದಿಯಾಯಿತು. ಕೇಳಿದ್ದು ಐದು ವರ್ಷಕ್ಕೆ 500 ಕೋಟಿ. ಗುಜರಾತಿನ ಧೊಲೇರಾದಲ್ಲಿ ಟಾಟಾದ ಸಿಲಿಕಾನ್ ಚಿಪ್ ಕಾರ್ಖಾನೆಗೆ ಘೋಷಿಸಿದ್ದು 91,000 ಕೋಟಿ.